ಎಪ್ಪತ್ತು ಗಂಟೆಯ ಮಾತು: ಸಣ್ಣ ಉದ್ಯಮ ಗ್ರಹಿಸಬೇಕಾದ್ದೇನು?

ತಂತ್ರಾಂಶ ಕ್ಷೇತ್ರದ ಹಿರಿಯರು ಮಾತಿನ ನಡುವೆ ಸಹಜವಾಗಿ ಹೇಳುವ ಅಭಿಪ್ರಾಯಗಳು ಇಂದು ಕಾರ್ಖಾನೆಯ ಅಂಗಳವನ್ನೂ ಅಂಗಡಿಯ ಗಲ್ಲಾಪೆಟ್ಟಿಗೆಯನ್ನೂ ತಲುಪುತ್ತಿವೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿಯವರು ಆಡಿದ ಮಾತು ಅಂಥದ್ದು. ದೇಶದ ಉತ್ಪಾದಕತೆ ಕಡಿಮೆಯಿದೆ, ಯುವಜನರು ವಾರಕ್ಕೆ 70 ಗಂಟೆ ದುಡಿಯಲು ಮುಂದಾಗಬೇಕು ಎಂದು ಅವರು ಸಂದರ್ಶನವೊಂದರಲ್ಲಿ ಹೇಳಿದರು. ಮಹಾಯುದ್ಧಾನಂತರದ ಜಪಾನ್ ಮತ್ತು ಜರ್ಮನಿಗಳನ್ನು ಉದಾಹರಿಸಿದರು. ಮೈಸೂರಿನ ಎನ್.ಐ.ಇ. ಕಾಲೇಜಿನಲ್ಲಿ 1967ರಲ್ಲಿ ಇಂಜಿನಿಯರಿಂಗ್ ಪದವಿ ಪಡೆದು, ಪ್ರೋಗ್ರಾಮರ್ ಆಗಿ ವೃತ್ತಿ ಆರಂಭಿಸಿದವರ ಮಾತಾದ್ದರಿಂದ ಈ ಭಾಗದ ಉದ್ಯಮಿಗಳಿಗೆ ಅದು ಇನ್ನಷ್ಟು ಹತ್ತಿರದ್ದೆನಿಸಿತು.

ನಂಜನಗೂಡು, ತಿ. ನರಸೀಪುರಗಳ ವರ್ತಕರಿಗೆ 70 ಗಂಟೆಯ ದುಡಿಮೆ ಹೊಸದೇನಲ್ಲ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ರಾತ್ರಿ 8ಕ್ಕೆ ಮುಚ್ಚುವ ಅಂಗಡಿಯ ಮಾಲೀಕ ವಾರದ ಆರು ದಿನಗಳಲ್ಲಿ 72 ಗಂಟೆ ದುಡಿದಿರುತ್ತಾನೆ. ಪ್ರಶ್ನೆ ಇರುವುದು ನೌಕರರ ವಿಷಯದಲ್ಲಿ.

ಲೆಕ್ಕ ಏನು ಹೇಳುತ್ತದೆ?

ವಾರಕ್ಕೆ 48 ಗಂಟೆಯ ಮಿತಿಯನ್ನು 1948ರ ಕಾರ್ಖಾನೆಗಳ ಕಾಯಿದೆ ವಿಧಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕಾರ್ಮಿಕ ಸಂಹಿತೆಗಳೂ ಅದನ್ನೇ ಉಳಿಸಿಕೊಂಡಿವೆ. ಅದನ್ನು ಮೀರಿದ ದುಡಿಮೆಗೆ ನೌಕರನ ಒಪ್ಪಿಗೆ ಬೇಕು, ಇಮ್ಮಡಿ ದರದ ಓಟಿ ಕೊಡಬೇಕು, ಓಟಿಗೂ ಮಿತಿಯುಂಟು. ಆದ್ದರಿಂದ ಪ್ರತಿ ವಾರ 70 ಗಂಟೆ ದುಡಿಸಿಕೊಳ್ಳುವುದು ಸಾಧ್ಯವಾಗದು. ಲೆಕ್ಕಕ್ಕಾಗಿ ಒಂದು ವಾರವನ್ನು ಮಾತ್ರ ತೆಗೆದುಕೊಂಡರೂ, ಹೆಚ್ಚುವರಿ 22 ಗಂಟೆಗೆ 44 ಗಂಟೆಯ ಕೂಲಿ ತೆರಬೇಕು. ದುಡಿಮೆ ಶೇ. 46ರಷ್ಟು ಹೆಚ್ಚಿದರೆ ಕೂಲಿಯ ವೆಚ್ಚ ಶೇ. 92ರಷ್ಟು ಏರುತ್ತದೆ. ದಣಿದ ಕೈಗಳಿಂದಾಗುವ ನಷ್ಟ ಇದರಲ್ಲಿ ಸೇರಿಲ್ಲ.

ಪ್ರೋಗ್ರಾಮರ್‌ಗಳ ಅನುಭವ

ಗಂಟೆಗಳನ್ನೂ ಕೈಗಳನ್ನೂ ಹೆಚ್ಚಿಸಿದ ಮಾತ್ರಕ್ಕೆ ಕೆಲಸ ಮುಗಿಯದೆಂಬುದನ್ನು ಪ್ರೋಗ್ರಾಮರ್‌ಗಳ ವೃತ್ತಿಯೇ ಬಹಳ ಹಿಂದೆ ಕಂಡುಕೊಂಡಿತ್ತು. ಐ.ಬಿ.ಎಂ. ಸಂಸ್ಥೆಯ ಬೃಹತ್ ತಂತ್ರಾಂಶ ಯೋಜನೆಯೊಂದನ್ನು ನಿರ್ವಹಿಸಿದ ಫ್ರೆಡ್ ಬ್ರೂಕ್ಸ್, ತಡವಾಗಿರುವ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆಂದು 1975ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಹೊಸಬರಿಗೆ ಕಲಿಸಲು ಹಳಬರು ತಮ್ಮ ಕೆಲಸ ಬಿಡಬೇಕಾಗುತ್ತದೆ. ಐವರಿರುವಲ್ಲಿ ಪರಸ್ಪರ ಮಾತುಕತೆಯ ಜೋಡಿಗಳು 10. ಹತ್ತು ಮಂದಿಯಾದರೆ 45. ನಂಜನಗೂಡಿನ ದೊಡ್ಡ ಜಾತ್ರೆಯ ಹಿಂದಿನ ವಾರ ನಾಲ್ವರು ಹೊಸ ಹುಡುಗರನ್ನು ಸೇರಿಸಿಕೊಳ್ಳುವ ಅಂಗಡಿಯವರಿಗೆ ಈ ಸತ್ಯವನ್ನು ಬೇರೆ ಯಾರೂ ತಿಳಿಸಬೇಕಾಗಿಲ್ಲ.

ಈ ವೃತ್ತಿಯ ಇನ್ನೊಂದು ಪಾಠವೆಂದರೆ, ತಪ್ಪನ್ನು ಹುಟ್ಟಿದಲ್ಲೇ ಹಿಡಿಯಬೇಕು ಎಂಬುದು. ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಆಸ್ಟ್ರಿಯಾ ಮೂಲದ ಎ.ಟಿ.ಅಂಡ್.ಎಸ್. ಸಂಸ್ಥೆಯು ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್‌ಗಳನ್ನು ತಯಾರಿಸುತ್ತದೆ. ಹಲವು ಪದರಗಳ ಇಂಥ ಫಲಕದಲ್ಲಿ ಒಳಪದರದ ದೋಷವು ಪದರಗಳನ್ನು ಬೆಸೆಯುವ ಮುನ್ನ ಸಿಕ್ಕರೆ ಹೋಗುವುದು ಒಂದು ಪದರ ಮಾತ್ರ. ಬೆಸೆದ ಬಳಿಕ ಸಿಕ್ಕರೆ ಇಡೀ ಫಲಕವೇ ವ್ಯರ್ಥ.

ತಿ. ನರಸೀಪುರದಲ್ಲಿ ಇದೇ ಪಾಠ ರೇಷ್ಮೆಯ ರೂಪದಲ್ಲಿದೆ. ಮೈಸೂರು ರೇಷ್ಮೆ ಸೀರೆಗೆ ಬೇಕಾದ ನೂಲನ್ನು ಕೆ.ಎಸ್.ಐ.ಸಿ. ಇಲ್ಲಿನ ನೂಲು ಬಿಚ್ಚಾಣಿಕೆ ಕಾರ್ಖಾನೆಯಲ್ಲಿ ತೆಗೆಯುತ್ತದೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತೆಂಬ ಲೆಕ್ಕಕ್ಕೆ ರೆಂಡಿಟ ಎನ್ನುತ್ತಾರೆ. ರೆಂಡಿಟ 8 ಇದ್ದರೆ 56 ಕಿಲೋ ಗೂಡಿನಿಂದ 7 ಕಿಲೋ ನೂಲು. 7ಕ್ಕೆ ಇಳಿದರೆ ಅಷ್ಟೇ ಗೂಡಿನಿಂದ 8 ಕಿಲೋ. ಈ ಒಂದು ಕಿಲೋ ದೊರೆಯುವುದು ಗೂಡಿನ ಗುಣಮಟ್ಟ, ವಿಂಗಡಣೆ ಮತ್ತು ಬೇಯಿಸುವ ಹದದಿಂದ, ರಾತ್ರಿ ಪಾಳಿಯಿಂದಲ್ಲ.

ಒಬ್ಬರ ತಲೆಯಲ್ಲಿರುವ ವಿದ್ಯೆ

ಉದ್ಯೋಗ ಬದಲಿಸುವುದು ಪ್ರೋಗ್ರಾಮರ್‌ಗಳಿಗೆ ಸಹಜ. ಅದನ್ನು ಅವರು ದ್ರೋಹವೆಂದು ಭಾವಿಸುವುದಿಲ್ಲ. ಆದಕಾರಣ ಯಾರು ಹೋದರೂ ಕೆಲಸ ನಿಲ್ಲದಂತೆ, ಯಾವ ಬದಲಾವಣೆಯನ್ನು ಯಾರು, ಎಂದು, ಏಕೆ ಮಾಡಿದರೆಂಬುದನ್ನು ದಾಖಲಿಸುವ ಪದ್ಧತಿಯನ್ನು ರೂಢಿಸಿಕೊಂಡಿದ್ದಾರೆ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರಚಿಸಿದ ಗಿಟ್ ಇದಕ್ಕೆಂದೇ ಇರುವ ಸಾಧನ.

ಸಣ್ಣ ಘಟಕಗಳಲ್ಲಿ ಸ್ಥಿತಿ ಬೇರೆ. ಯಂತ್ರದ ಹದ ಒಬ್ಬ ಫಿಟ್ಟರ್‌ಗೆ ಗೊತ್ತು, ಜಿ.ಎಸ್.ಟಿ. ಪಾಸ್‌ವರ್ಡ್ ಲೆಕ್ಕ ಬರೆಯುವ ಹುಡುಗನಿಗೆ ಮಾತ್ರ ಗೊತ್ತು. ನಂಜನಗೂಡಿನಿಂದ ಮೈಸೂರು ಸುಮಾರು 25 ಕಿ.ಮೀ., ತಿ. ನರಸೀಪುರದಿಂದ ಸುಮಾರು 30 ಕಿ.ಮೀ. ಚುರುಕಾದ ಹುಡುಗ ಹೆಚ್ಚಿನ ಸಂಬಳಕ್ಕೆ ಅಲ್ಲಿಗೆ ಹೋಗುವುದು ಸಹಜ. ಅವನೊಡನೆ ಘಟಕದ ವಿದ್ಯೆಯೂ ಹೋಗದಂತೆ ನೋಡಿಕೊಳ್ಳುವುದು ಮಾಲೀಕನ ಹೊಣೆ.

ತಂತ್ರಾಂಶವು ದೊಡ್ಡವರ ಸೊತ್ತೆಂದು ಭಾವಿಸಬೇಕಾಗಿಲ್ಲ. ಟ್ಯಾಲಿ ಹುಟ್ಟಿದ್ದೇ ಬೆಂಗಳೂರಿನ ಉದ್ಯಮಿಯೊಬ್ಬರ ಅಗತ್ಯದಿಂದ. ಕಾರ್ಖಾನೆಗಳಿಗೆ ಕಚ್ಚಾವಸ್ತು, ಯಂತ್ರದ ಬಿಡಿಭಾಗ ಸರಬರಾಜು ಮಾಡುತ್ತಿದ್ದ ಶ್ಯಾಮಸುಂದರ ಗೋಯೆಂಕಾ ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗದೆ ಮಗ ಭರತ್ ಅವರಿಗೆ ಬರೆಯಲು ಹೇಳಿದರು. 1986ರಲ್ಲಿ ಸಂಸ್ಥೆ ಆರಂಭವಾಯಿತು. ತಮಗೆ ಬೇಕಾದುದೇನೆಂದು ತಂದೆಗೆ ಸ್ಪಷ್ಟವಾಗಿ ತಿಳಿದಿತ್ತು. ಕಂಪ್ಯೂಟರ್ ಕೊಳ್ಳುವ ಮುನ್ನ ಪ್ರತಿಯೊಬ್ಬ ವರ್ತಕನಿಗೂ ಇರಬೇಕಾದ ತಿಳಿವಳಿಕೆ ಇದೇ.

ಇಂದಿನಿಂದಲೇ ಮಾಡಬಹುದಾದ್ದು

ಪ್ರತಿ ಯಂತ್ರದ ಬಳಿ ಒಂದು ಪುಸ್ತಕವಿಟ್ಟು, ಹದ ಬದಲಿಸಿದಾಗಲೆಲ್ಲ ದಿನಾಂಕ, ಹೆಸರು, ಕಾರಣಗಳನ್ನು ಕನ್ನಡದಲ್ಲೇ ಬರೆಸಬೇಕು. ಪ್ರತಿಯೊಂದು ಮುಖ್ಯ ಕೆಲಸವನ್ನೂ ಕನಿಷ್ಠ ಇಬ್ಬರಿಗೆ ಕಲಿಸಬೇಕು. ಲೆಕ್ಕಪತ್ರದ ನಕಲನ್ನು ಪ್ರತಿ ವಾರ ತೆಗೆದು ಘಟಕದ ಹೊರಗೆ ಇರಿಸಬೇಕು; ಅದು ತೆರೆಯುತ್ತದೆಯೇ ಎಂದು ಆಗಾಗ ಪರೀಕ್ಷಿಸಬೇಕು. ಮರಳಿ ಬಂದ ಸರಕು ಮತ್ತು ಎರಡನೆಯ ಸಲ ಮಾಡಿದ ಕೆಲಸಕ್ಕೆ ಪ್ರತ್ಯೇಕ ಲೆಕ್ಕವಿಡಬೇಕು.

ನಾರಾಯಣಮೂರ್ತಿಯವರು ಎತ್ತಿದ ಉತ್ಪಾದಕತೆಯ ಪ್ರಶ್ನೆ ಸರಿಯಾದುದೇ. ಆದರೆ ಅದಕ್ಕೆ ಅವರದೇ ವೃತ್ತಿ ಕಂಡುಕೊಂಡಿರುವ ಉತ್ತರ ಗಂಟೆಗಳಲ್ಲಿಲ್ಲ. ತಿಂಗಳ ಕೊನೆಯಲ್ಲಿ ಓಟಿಯ ಲೆಕ್ಕ ನೋಡುವ ಮಾಲೀಕರು, ಅದರಲ್ಲಿ ಎಷ್ಟು ಗಂಟೆ ತಪ್ಪನ್ನು ತಿದ್ದುವುದಕ್ಕೇ ಹೋಯಿತೆಂದು ಮೊದಲು ನೋಡುವುದು ಲೇಸು.