ಉದುರುವ ಹಲ್ಲಿಗೆ ಸಿಮೆಂಟ್ ಏಕೆ?

ಚಿಕ್ಕಬಳ್ಳಾಪುರ: "ಹೆಂಗಿದ್ರೂ ಉದುರೋ ಹಲ್ಲು, ಅದಕ್ಕೆ ಸಿಮೆಂಟ್ ಹಾಕ್ಸಿ ದುಡ್ಡು ಯಾಕೆ ದಂಡ ಮಾಡ್ಬೇಕು?"

ಮಗುವಿನ ಹುಳುಕು ಹಲ್ಲಿನ ಮಾತು ಬಂದ ಕಡೆಯಲ್ಲೆಲ್ಲಾ ಈ ಪ್ರಶ್ನೆ ಬಂದೇ ಬರುತ್ತದೆ. ಚಿಂತಾಮಣಿ, ಗೌರಿಬಿದನೂರು ಕಡೆ ಇದನ್ನೇ ತೆಲುಗಿನಲ್ಲಿ ಹೇಳುವವರುಂಟು: "ಪಾಲ ಪಳ್ಳು ಕದಾ, ಊಡಿಪೋತಾಯಿ!" ಭಾಷೆ ಎರಡು, ಭಾವನೆ ಒಂದೇ. ಹಾಲು ಹಲ್ಲು ತಾನೇ, ಬಿದ್ದು ಹೋಗುತ್ತೆ ಬಿಡಿ!

ಕೇಳಲು ನ್ಯಾಯವಾಗಿಯೇ ಇರುವ ಈ ಮಾತಿನಿಂದ ಮಕ್ಕಳು ಕಳೆದುಕೊಳ್ಳುತ್ತಿರುವುದು ಹಾಲು ಹಲ್ಲನ್ನು ಮಾತ್ರವಲ್ಲ. ಜನ್ಮಕ್ಕೆ ಒಂದೇ ಸಲ ಬರುವ ದವಡೆ ಹಲ್ಲನ್ನು. ಹೇಗೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಅಂಗಡಿ ಲೆಕ್ಕಕ್ಕಿಂತ ಸುಲಭದ ಲೆಕ್ಕವಿದು.

ಆರು ವರ್ಷಕ್ಕೆ ಆರನೇ ಹಲ್ಲು

ಮಗುವಿಗೆ ಹಾಲು ಹಲ್ಲು ಒಟ್ಟು 20. ಆರು ತಿಂಗಳ ಸುಮಾರಿಗೆ ಮೊಳೆಯಲು ಶುರುವಾಗಿ ಎರಡೂವರೆ, ಮೂರು ವರ್ಷದೊಳಗೆ ಎಲ್ಲವೂ ಬಂದಿರುತ್ತವೆ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಉದುರುವುದು ನಿಜ. ಆದರೆ ದವಡೆಯ ಹಾಲು ಹಲ್ಲುಗಳು ಉದುರುವುದು 10ರಿಂದ 12ನೇ ವರ್ಷದಲ್ಲಿ. ನಾಲ್ಕು ವರ್ಷದ ಮಗುವಿನ ದವಡೆ ಹಲ್ಲು ಹುಳುಕಾದರೆ ಅದು ಉದುರಲು ಇನ್ನೂ ಆರೇಳು ವರ್ಷ ಬೇಕು! ಅಲ್ಲಿಯವರೆಗೆ ಆ ಮಗು ಏನು ಮಾಡಬೇಕು? ಮುದ್ದೆಯನ್ನಾದರೂ ನುಂಗಬಹುದು. ಕಡಲೆ, ಸೀಬೆಕಾಯಿ, ಜೋಳದ ತೆನೆ ಅಗಿಯುವುದು ಹೇಗೆ?

ಅಗಿಯುವುದಷ್ಟೇ ಅಲ್ಲ, ಹಾಲು ಹಲ್ಲಿಗೆ ಇನ್ನೊಂದು ಕೆಲಸವಿದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಜಾಗ ಹಿಡಿಯುತ್ತೇವಲ್ಲ, ಹಾಗೆ ಅದು ಕೆಳಗೆ ಬೆಳೆಯುತ್ತಿರುವ ಖಾಯಂ ಹಲ್ಲಿಗೆ ಜಾಗ ಹಿಡಿದಿರುತ್ತದೆ. ಕಾಲಕ್ಕೆ ಮುಂಚೆ ಅದನ್ನು ಕಿತ್ತರೆ ಅಕ್ಕಪಕ್ಕದ ಹಲ್ಲುಗಳು ವಾಲಿಕೊಂಡು ಜಾಗ ಆಕ್ರಮಿಸುತ್ತವೆ. ಹಿಂದೆ ಬರುವ ಹಲ್ಲು ಸೊಟ್ಟಗೆ ಬರುತ್ತದೆ, ಇಲ್ಲವೇ ಒಳಗೇ ಸಿಕ್ಕಿಕೊಳ್ಳುತ್ತದೆ. ಬೇರಿನಲ್ಲಿ ಕೀವಾದರೆ ಕೆಳಗಿನ ಹಲ್ಲಿನ ಮೊಳಕೆಗೂ ಪೆಟ್ಟು ಬೀಳಬಹುದು.

ಇದಕ್ಕಿಂತ ದೊಡ್ಡ ಮೋಸ ಆರನೇ ವರ್ಷದಲ್ಲಿ ಕಾದಿರುತ್ತದೆ. ಆಗ ಹಾಲು ಹಲ್ಲುಗಳ ಸಾಲಿನ ಹಿಂದೆ, ಮೇಲೆ ಎರಡು ಕೆಳಗೆ ಎರಡು, ನಾಲ್ಕು ದಪ್ಪ ದವಡೆ ಹಲ್ಲುಗಳು ಸದ್ದಿಲ್ಲದೆ ಬರುತ್ತವೆ. ಅವಕ್ಕಾಗಿ ಯಾವ ಹಲ್ಲೂ ಉದುರುವುದಿಲ್ಲ. ಹಾಗಾಗಿ ಅಮ್ಮನಿಗೂ ತಿಳಿಯದು, ಮೇಷ್ಟ್ರಿಗೂ ತಿಳಿಯದು. ಇದೂ ಹಾಲು ಹಲ್ಲೇ ಎಂದುಕೊಂಡು ಸುಮ್ಮನಾಗುತ್ತಾರೆ. ಗುರುತು ಸುಲಭ: ಮುಂಭಾಗದ ನಡುವಿನಿಂದ ಒಂದು ಪಕ್ಕಕ್ಕೆ ಎಣಿಸುತ್ತಾ ಹೋದರೆ ಆರನೆಯದು. ಆರು ವರ್ಷಕ್ಕೆ ಆರನೇ ಹಲ್ಲು! ಇದು ಖಾಯಂ. ಉದುರಿದ ಹಾಲು ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಮಾಳಿಗೆಗೆ ಎಸೆದರೆ ಹೊಸ ಹಲ್ಲು ಬರುತ್ತದೆ ಎನ್ನುತ್ತಾರೆ ಹಿರಿಯರು. ಈ ಹಲ್ಲನ್ನು ಎಸೆದರೆ ಬದಲಿಗೆ ಬರುವುದು ಏನೂ ಇಲ್ಲ.

ಪಕ್ಕದ ಹಾಲು ಹಲ್ಲು ಕೊಳೆತಿದ್ದರೆ ಹೊಸದಾಗಿ ಬಂದ ಈ ಹಲ್ಲಿಗೂ ಹುಳುಕು ಬೇಗ ಅಂಟುತ್ತದೆ. 'ಉದುರೋ ಹಲ್ಲು' ಎಂಬ ಉದಾಸೀನಕ್ಕೆ ಬಲಿಯಾಗುವುದು ಹೀಗೆ ಉದುರದ ಹಲ್ಲು.

ಶಿಡ್ಲಘಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಕಿ ಹಂತದಲ್ಲಿ ಹುಳು ಕೆಟ್ಟರೆ ಗೂಡು ಕಟ್ಟೀತೆ? ಜ್ವರಕ್ಕೆ ಕೂತು ಪೊರೆ ಬಿಡುವ ಹುಳು ತಾನೇ ಎಂದು ಸೊಪ್ಪು ಹಾಕದೆ ಬಿಡುವ ರೈತನುಂಟೆ?

ಹುಳುವಿಲ್ಲದ ಹುಳುಕು

ಹುಳುವಿನ ಮಾತು ಬಂತು. ಹುಳುಕು ಹಲ್ಲಿನಲ್ಲಿ ಹುಳುವಿರುವುದಿಲ್ಲ. ನೆಲಗುಳ್ಳದ ಬೀಜದ ಹೊಗೆ ಹಿಡಿಸಿ, ಬಟ್ಟಲ ನೀರಿನಲ್ಲಿ ಬಿಳಿ ಚೂರು ತೋರಿಸಿ 'ನೋಡಮ್ಮಾ ಹುಳ' ಎನ್ನುವವರ ಕೈಚಳಕಕ್ಕೆ ಮರುಳಾಗಬೇಡಿ. ಕೊಳೆಸುವುದು ಕಣ್ಣಿಗೆ ಕಾಣದ ಸೂಕ್ಷ್ಮಾಣು. ನಾವು ತಿಂದ ಸಕ್ಕರೆಯನ್ನೇ ತಿಂದು ಅದು ಆಮ್ಲ ಬಿಡುತ್ತದೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ಸಿಹಿ ಬಾಯಿಗೆ ಬಿದ್ದಾಗಲೆಲ್ಲಾ ಇಪ್ಪತ್ತು ಮೂವತ್ತು ನಿಮಿಷ ಈ ಕೆಲಸ ನಡೆಯುತ್ತದೆ. ಎಷ್ಟು ತಿಂದಿರಿ ಎಂಬುದಕ್ಕಿಂತ ಎಷ್ಟು ಸಲ ತಿಂದಿರಿ ಎಂಬುದೇ ಮುಖ್ಯ.

ಊಟದ ಜತೆ ಒಂದು ಹೋಳಿಗೆ ತಿಂದ ಮಗುವಿಗೆ ಆಗುವ ಹಾನಿ ಕಡಿಮೆ. ಚಿಂತಾಮಣಿಯಲ್ಲಿ ಬಸ್ಸು ಹತ್ತಿದಾಗಿನಿಂದ ಬೆಂಗಳೂರಿನಲ್ಲಿ ಇಳಿಯುವವರೆಗೆ, ಅಳದಿರಲಿ ಎಂದು ಒಂದೊಂದೇ ಬಿಸ್ಕತ್ತು, ಒಂದೊಂದೇ ಪೆಪ್ಪರಮೆಂಟು ಕೊಡಿಸಿಕೊಂಡ ಮಗುವಿಗೆ ಹಾನಿ ಜಾಸ್ತಿ. ಚಿಲ್ಲರೆ ಇಲ್ಲವೆಂದು ಚಾಕೊಲೇಟು ಕೈಗಿಡುವ ನಮ್ಮ ಅಂಗಡಿಯವರೂ ಇದರಲ್ಲಿ ಅರಿಯದೆ ಪಾಲುದಾರರೇ. ಬೆಳಗಾಗುವ ಮೊದಲೇ ತಾಯಿ ಕೆಲಸಕ್ಕೆ ಹೊರಡುವ ಮನೆಗಳಲ್ಲಿ ಸಕ್ಕರೆ ಹಾಲಿನ ಬಾಟಲಿ ಮಗುವಿನ ಬಾಯಲ್ಲೇ ಉಳಿಯುತ್ತದೆ. ಮೇಲಿನ ಮುಂದಿನ ನಾಲ್ಕು ಹಲ್ಲು ಕರಗಿ ಮೋಟಾಗುವುದು ಇದರಿಂದಲೇ.

ಇದು ನಮ್ಮ ಜಿಲ್ಲೆಯೊಂದರ ಕಥೆಯಲ್ಲ. 2002-03ರಲ್ಲಿ ಭಾರತೀಯ ದಂತ ಪರಿಷತ್ತು ದೇಶದಲ್ಲೆಲ್ಲಾ ನಡೆಸಿದ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹುಳುಕು ಕಂಡುಬಂದಿತ್ತು.

'ಬೋರ್ ನೀರು ಸಾರ್!'

ಆದರೆ ನಮ್ಮ ಕಡೆಗೆ ಸೇರಿದ ಇನ್ನೊಂದು ನೆಪವುಂಟು. ಹಲ್ಲಿನ ಮಾತೆತ್ತಿದರೆ "ನಮ್ಮದು ಬೋರ್ ನೀರು ಸಾರ್, ಏನ್ ಮಾಡಕ್ಕಾಯ್ತದೆ?" ಎಂಬ ಉತ್ತರ. ಇದರಲ್ಲಿ ಅರ್ಧ ಸತ್ಯವಿದೆ. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಬಾವಿ ಬತ್ತಿದವು, ಬೋರು ಸಾವಿರ ಅಡಿ ದಾಟಿತು. ಅಷ್ಟು ಆಳದ ಬಂಡೆಯ ನಡುವಿನ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ಹಲವು ಹಳ್ಳಿಗಳ ನೀರು ಮೀರಿದೆ. ಈ ನೀರು ಕುಡಿದ ಮಕ್ಕಳ ಖಾಯಂ ಹಲ್ಲು, ಒಸಡಿನೊಳಗೆ ತಯಾರಾಗುವಾಗಲೇ ಕಲೆ ಹಿಡಿದು ಬರುತ್ತದೆ. ಆ ತಯಾರಿಯ ಕಾಲ ಹುಟ್ಟಿನಿಂದ ಸುಮಾರು ಎಂಟು ವರ್ಷ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನು ಮನೆಯ ಚಿಕ್ಕ ಮಕ್ಕಳಿಗೆ ಮೊದಲು ಕೊಡಬೇಕು.

ಆದರೆ ಕಲೆ ಬೇರೆ, ಹುಳುಕು ಬೇರೆ. ನೀರಿನ ಕಲೆ ಎಡಬಲ ಎರಡೂ ಕಡೆ ಜೋಡಿಯಾಗಿ ಇರುತ್ತದೆ. ಸುಣ್ಣದಂತೆ ಬಿಳಿ ಗೆರೆ, ಆಮೇಲೆ ಹಳದಿ, ಕಂದು, ಸಾಮಾನ್ಯವಾಗಿ ನೋವಿರುವುದಿಲ್ಲ. ಹುಳುಕು ಹಲ್ಲಿನ ಗೀರಿನಲ್ಲಿ, ಎರಡು ಹಲ್ಲಿನ ಸಂದಿಯಲ್ಲಿ ಶುರುವಾಗಿ ಮೆತ್ತಗಾಗಿ ಗುಳಿ ಬೀಳುತ್ತದೆ. ಸಿಹಿ, ತಣ್ಣೀರು ತಗುಲಿದರೆ ಜುಮ್ಮೆನ್ನುತ್ತದೆ. ಕಲೆಗೆ ಫಿಲ್ಲಿಂಗ್ ಪರಿಹಾರವಲ್ಲ, ಹುಳುಕಿಗೆ ನೀರನ್ನು ಬೈದು ಪ್ರಯೋಜನವಿಲ್ಲ. ಕಲೆಯಿದ್ದ ಬಾಯಿಗೆ ಹುಳುಕು ಬರಬಾರದೆಂಬ ಕಾನೂನೂ ಇಲ್ಲ!

ಏನು ತುಂಬುತ್ತಾರೆ?

ಜನ ಸಿಮೆಂಟ್ ಎನ್ನುವುದು ತಪ್ಪೇನಲ್ಲ. ಕೊಳೆತ ಭಾಗವನ್ನು ಕೆರೆದು ತೆಗೆದು, ಗಾಜಿನ ನುಣುಪು ಪುಡಿಯನ್ನು ಒಂದು ದ್ರವದಲ್ಲಿ ಕಲಸಿ ತುಂಬುತ್ತಾರೆ. ಗ್ಲಾಸ್ ಅಯನೊಮರ್ ಎಂಬ ಈ ಸಿಮೆಂಟನ್ನು ಲಂಡನ್ನಿನ ವಿಜ್ಞಾನಿಗಳಾದ ವಿಲ್ಸನ್ ಮತ್ತು ಕೆಂಟ್ 1972ರಲ್ಲಿ ಜಗತ್ತಿಗೆ ತಿಳಿಸಿದರು. ಹಲ್ಲಿಗೆ ತಾನೇ ಅಂಟಿಕೊಳ್ಳುತ್ತದೆ. ಪಾದರಸ ಬೆರೆತ ಬೆಳ್ಳಿ ಫಿಲ್ಲಿಂಗನ್ನು 15 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಮಿನಮಾಟಾ ಒಪ್ಪಂದದ ದೇಶಗಳು 2022ರಲ್ಲಿ ತೀರ್ಮಾನಿಸಿವೆ. ನಮ್ಮ ದೇಶವೂ ಅದರಲ್ಲೊಂದು.

ಗುಳಿ ಸಣ್ಣದಿದ್ದಾಗ ಹೋದರೆ ಒಂದೇ ಸಲಕ್ಕೆ ಮುಗಿಯುವ ಕೆಲಸ. ಹೆಚ್ಚು ನೋವೂ ಇರದು. ನರಕ್ಕೆ ಮುಟ್ಟಿ ಕೆನ್ನೆ ಊದಿದ ಮೇಲೆ ಹೋದರೆ ನಾಲ್ಕಾರು ಸಲ ಓಡಾಟ, ಇಲ್ಲವೇ ಕೀಳಿಸುವುದು. ಲವಂಗದೆಣ್ಣೆ ನೋವನ್ನು ಮರೆಸೀತು, ಗುಳಿಯನ್ನು ಮುಚ್ಚದು. ಗುಳಿ ಬೀಳದ ಆರನೇ ಹಲ್ಲಿನ ಗೀರುಗಳನ್ನು ಮೊದಲೇ ಮುಚ್ಚುವ ಲೇಪವೂ ಉಂಟು.

ಇನ್ನು ಮನೆಯ ಕೆಲಸ. ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮೊದಲು ಒಂದು ಸಲ ಬ್ರಷ್. ರಾತ್ರಿಯದನ್ನು ತಪ್ಪಿಸಲೇಬಾರದು. ಇದ್ದಿಲು, ಇಟ್ಟಿಗೆ ಪುಡಿ ಬೇಡ, ಅವು ಹಲ್ಲನ್ನು ಸವೆಸುತ್ತವೆ. ಪೇಸ್ಟು ಮೂರು ವರ್ಷದೊಳಗಿನವರಿಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು, ಉಗಿಯುವುದನ್ನು ಕಲಿಸಬೇಕು. ಫ್ಲೋರೈಡ್ ನೀರಿನ ಊರಿನವರು ಯಾವ ಪೇಸ್ಟು ಎಂದು ಡಾಕ್ಟರನ್ನೇ ಕೇಳುವುದು ಒಳ್ಳೆಯದು. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು.

ಚೀಟಿ ಚೀಲದಲ್ಲೇ ಉಳಿಯದಿರಲಿ

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಅದರಲ್ಲಿ ಹಲ್ಲೂ ಸೇರಿದೆ. ತಂಡದವರು ಬರೆದ ಚೀಟಿ ಮಗುವಿನ ಚೀಲದಲ್ಲೇ ಮುದುಡಿ ಹೋದರೆ ಪರೀಕ್ಷೆ ನಡೆದೂ ವ್ಯರ್ಥ. ಚೀಟಿ ಹಿಡಿದು ತಾಲೂಕು ಆಸ್ಪತ್ರೆಯ ದಂತ ವೈದ್ಯರಲ್ಲಿಗೆ ಹೋಗಿ. ಅಲ್ಲಿ ಆಗದ ಕೆಲಸಕ್ಕೆ ಬೆಂಗಳೂರು ಕೋಟೆ ಪ್ರದೇಶದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರ, 1958ರಿಂದ ಸರಕಾರಿ ದಂತ ಕಾಲೇಜಿದೆ. ಮಾರ್ಕೆಟ್ಟಿನಲ್ಲಿ ಬಸ್ಸಿಳಿದರೆ ನಡೆದು ಹೋಗುವಷ್ಟು ದೂರ.

ಸಂಬಂಧಪಟ್ಟವರಿಗೂ ಒಂದು ಮಾತು. 1980ರ ದಶಕದಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿ ವೈದ್ಯರು ಕರೆಂಟಿಲ್ಲದ ಹಳ್ಳಿಗಳಲ್ಲೂ ಕೈ ಸಲಕರಣೆಗಳಿಂದಲೇ ಕೊಳೆ ಕೆರೆದು ಫಿಲ್ಲಿಂಗ್ ಮಾಡುವ ಕ್ರಮ ಕಂಡುಕೊಂಡರು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಬೆಂಬಲ ಕೊಟ್ಟಿತು. ಅದೇ ಸಂಸ್ಥೆ ಗ್ಲಾಸ್ ಅಯನೊಮರನ್ನು 2021ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಟಾಂಜಾನಿಯಾದ ಹಳ್ಳಿಯಲ್ಲಿ ಆದದ್ದು ಗೌರಿಬಿದನೂರಿನ ಶಾಲೆಯ ಜಗುಲಿಯಲ್ಲಿ ಏಕಾಗದು? ದಂತಭಾಗ್ಯದ ಹೆಸರಿನಲ್ಲಿ ಬಡ ಅಜ್ಜಂದಿರಿಗೆ ಹಲ್ಲಿನ ಸೆಟ್ ಕೊಡಿಸಿದ ಸರಕಾರ, ಮೊಮ್ಮಕ್ಕಳಿಗೆ ಸೆಟ್ಟಿನ ಗತಿ ಬಾರದಂತೆ ಮೊದಲೇ ನೋಡಿಕೊಂಡರೆ ಖರ್ಚೂ ಕಡಿಮೆ. ಆರೋಗ್ಯ ಇಲಾಖೆಯೂ ಶಿಕ್ಷಣ ಇಲಾಖೆಯೂ ಕೂತು ಮಾತಾಡಬೇಕು, ಅಷ್ಟೇ.

ಅವರು ಕೂರುವ ತನಕ ನಾವು ಸುಮ್ಮನಿರಬೇಕಾಗಿಲ್ಲ. ಮನೆಯಲ್ಲಿ ಆರು ದಾಟಿದ ಮಗುವಿದ್ದರೆ, ಇವತ್ತು ರಾತ್ರಿ ಊಟವಾದ ಮೇಲೆ ಬಾಯಿ ತೆರೆಸಿ, ಬ್ಯಾಟರಿ ಬಿಟ್ಟು ನೋಡಿ. ನಡುವಿನಿಂದ ಎಣಿಸಿ. ಆರನೇ ಹಲ್ಲಿನ ಮೇಲೆ ಕಪ್ಪು ಚುಕ್ಕೆ ಕಂಡರೆ, ನಾಳೆ ಅಂಗಡಿ ಬಾಗಿಲು ಒಂದು ಗಂಟೆ ತಡವಾಗಿ ತೆರೆದರೂ ಚಿಂತೆಯಿಲ್ಲ.