ಮಾಗಿಯ ಮಂಜೂ ಮೋಟಾರಿನ ವೇಗವೂ

ಮಾಗಿಯ ಕಾಲ ಬಂತೆಂದರೆ 'ಮಂಜಿನಿಂದ ಅಪಘಾತ' ಎಂಬ ತಲೆಬರಹ ಪತ್ರಿಕೆಗಳಲ್ಲಿ ವರ್ಷವರ್ಷವೂ ಕಾಣಿಸಿಕೊಳ್ಳುತ್ತದೆ. ಈ ಮಾತಿಗೆ ನಮ್ಮ ಆಕ್ಷೇಪವಿದೆ. ಮಂಜು ಋತುಧರ್ಮವನ್ನನುಸರಿಸಿ ಬರತಕ್ಕದ್ದು; ಅದು ಯಾರನ್ನೂ ಕೊಲ್ಲುವುದಿಲ್ಲ. ಕಣ್ಣಿಗೆ ಕಾಣದ ಕಡೆಗೆ ಓಡುವ ವೇಗವೂ, ದೀಪವಿಲ್ಲದೆ ದಾರಿಯಲ್ಲಿ ನಿಂತ ವಾಹನವೂ ಕೊಲ್ಲುತ್ತವೆ. ಇವೆರಡೂ ಮನುಷ್ಯಕೃತವಾದವು, ಆದುದರಿಂದಲೇ ಮನುಷ್ಯಪ್ರಯತ್ನದಿಂದ ನಿವಾರಿಸಬಹುದಾದವು.

2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಬಳಿ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಮಂಜು ಕವಿದಿದ್ದ ಹೊತ್ತಿನಲ್ಲಿ, ನಿಂತಿದ್ದ ಟ್ಯಾಂಕರ್ ಲಾರಿಯ ಹಿಂಬದಿಗೆ ಜನ ತುಂಬಿದ ವಾಹನವೊಂದು ಅಪ್ಪಳಿಸಿತು. ಕೂಲಿಗಾಗಿ ಬರುತ್ತಿದ್ದ ಬಡವರೂ ಸೇರಿ ಹನ್ನೆರಡಕ್ಕೆ ಕಡಮೆಯಿಲ್ಲದಷ್ಟು ಮಂದಿ ಪ್ರಾಣ ನೀಗಿದರು. ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಸ್ಥಾನದ ಕೆಲಸ, ನಮ್ಮದಲ್ಲ. ಆದರೆ ಆ ದುರಂತದಿಂದ ಕಲಿಯಬೇಕಾದ ಪಾಠ ಎಲ್ಲರದು.

ಮಳೆಗಾಲ ಮುಗಿದ ಮೇಲೆ ನೆಲದಲ್ಲಿ ತೇವ ಉಳಿದಿರುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ನೆಲ ಬೇಗನೆ ತಣ್ಣಗಾಗಿ, ಅದನ್ನು ತಾಕಿದ ಗಾಳಿಯಲ್ಲಿನ ನೀರಾವಿ ಸಣ್ಣ ಹನಿಗಳಾಗಿ ನಿಲ್ಲುತ್ತದೆ. ಕಣಿವೆಗಳಲ್ಲಿ, ಕೆರೆಗಳ ಬದಿಯಲ್ಲಿ ಇದು ಹೆಚ್ಚು. ಬೆಳಗಿನ ಜಾವದಿಂದ ಬಿಸಿಲೇರುವವರೆಗೆ ಅತಿ ದಟ್ಟ. ಒಂದು ತಿರುವಿನಾಚೆ ತಿಳಿಯಾಗಿದ್ದ ದಾರಿ ಮುಂದಿನ ತಗ್ಗಿನಲ್ಲಿ ಥಟ್ಟನೆ ಬೆಳ್ಳಗಾಗುವುದು ಇದರಿಂದಲೇ.

ಹವಾಮಾನ ಇಲಾಖೆಯವರ ಲೆಕ್ಕದಲ್ಲಿ 200 ಮೀಟರಿಗಿಂತ ಈಚೆಗೆ ಮಾತ್ರ ಕಾಣುವುದು ದಟ್ಟ ಮಂಜು. 50 ಮೀಟರಿಗೂ ಕಡಮೆ ಕಾಣುವುದು ಅತಿ ದಟ್ಟ ಮಂಜು. ಈಗ ಗಂಟೆಗೆ 100 ಕಿಲೋಮೀಟರು ಓಡುವ ಕಾರನ್ನು ನೋಡೋಣ. ಅದು ಸೆಕೆಂಡಿಗೆ ಸುಮಾರು 28 ಮೀಟರು ಸಾಗುತ್ತದೆ. ಕಣ್ಣು ಕಂಡು ಕಾಲು ಬ್ರೇಕನ್ನು ಒತ್ತುವುದಕ್ಕೆ ಒಂದೂವರೆ ಸೆಕೆಂಡು ಹಿಡಿದರೆ, ಅಷ್ಟರಲ್ಲಿಯೇ 40 ಮೀಟರು ಮುಗಿದಿರುತ್ತದೆ. ತೇವದ ದಾರಿಯಲ್ಲಿ ಪೂರಾ ನಿಲ್ಲುವ ಹೊತ್ತಿಗೆ ಸುಮಾರು 120 ಮೀಟರು ಬೇಕು. 60ರ ವೇಗದಲ್ಲಿಯೂ 50 ಮೀಟರು ಸಾಲದು. 40ಕ್ಕೆ ಇಳಿಸಿದರೆ 30 ಮೀಟರಿನಲ್ಲಿ ನಿಲ್ಲಿಸಬಹುದು. ತುಂಬಿದ ಲಾರಿ ಬಸ್ಸುಗಳಿಗೆ ಇನ್ನೂ ಹೆಚ್ಚು ದೂರ ಬೇಕು. ಆದುದರಿಂದ ಮಂಜಿನಲ್ಲಿ ಫಲಕದ ಮೇಲೆ ಬರೆದ ವೇಗವಲ್ಲ, ಕಣ್ಣಳತೆಯ ವೇಗವೇ ಕಾನೂನಾಗಬೇಕು.

ಫಲಕದ ಅಂಕೆಯನ್ನು ತಗ್ಗಿಸಿದ ಮಾತ್ರಕ್ಕೆ ಸಾಲದೆಂಬುದಕ್ಕೆ ಉತ್ತರದೇಶವೇ ಸಾಕ್ಷಿ. ಗ್ರೇಟರ್ ನೋಯ್ಡಾದಿಂದ ಆಗ್ರಾವರೆಗಿನ 165 ಕಿಲೋಮೀಟರಿನ ಯಮುನಾ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಚಳಿಗಾಲಕ್ಕೆಂದೇ ವೇಗದ ಮಿತಿಯನ್ನು ಇಳಿಸುತ್ತಾರೆ. ಆದರೂ 2025ರ ಡಿಸೆಂಬರ್ 16ರ ಬೆಳಗಿನ ಜಾವ ಮಥುರಾ ಜಿಲ್ಲೆಯಲ್ಲಿ ಬಸ್ಸುಗಳೂ ಕಾರುಗಳೂ ಒಂದರ ಹಿಂದೊಂದು ಡಿಕ್ಕಿ ಹೊಡೆದು, ಬೆಂಕಿ ಹೊತ್ತಿ, ಹನ್ನೆರಡಕ್ಕಿಂತ ಹೆಚ್ಚು ಜನ ಸತ್ತರು.

ವಾಹನ ನಡೆಸುವವರು ಮಾಡತಕ್ಕದ್ದು ಕಷ್ಟದ ಕೆಲಸವಲ್ಲ. ಮುಂದಿನ ದೀಪವನ್ನು ತಗ್ಗಿಸಿ ಉರಿಸಬೇಕು. ಎತ್ತಿದ ದೀಪದ ಬೆಳಕು ಮಂಜಿನ ಹನಿಗಳಿಂದ ಮರಳಿ ಕಣ್ಣಿಗೇ ಹೊಡೆಯುತ್ತದೆ. ಗಾಜಿನ ಒಳಮಂಜನ್ನು ಒರೆಸಿಕೊಂಡೇ ಹೊರಡಬೇಕು. ಮುಂದಿನ ಲಾರಿಯ ಕೆಂಪುದೀಪವನ್ನೇ ನಂಬಿ ಅದರ ಬೆನ್ನಿಗೆ ಅಂಟಿಕೊಳ್ಳಬಾರದು. ಅದು ನಿಂತರೆ ತಾವು ನಿಲ್ಲಲಾರರು. ದಾರಿ ಕಾಣದಿದ್ದರೆ ಹೆದ್ದಾರಿಯಿಂದ ಪೂರ್ತಿ ಹೊರಬಂದು ಹೋಟೆಲಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಬಿಸಿಲೇರುವವರೆಗೆ ಕಾದಿರುವುದೇ ಜಾಣತನ. ವಾಹನ ದಾರಿಯಲ್ಲೇ ಕೆಟ್ಟರೆ ಹಿಂದೆ ಸಾಕಷ್ಟು ದೂರದಲ್ಲಿ ಕೆಂಪು ತ್ರಿಕೋನವನ್ನಿಟ್ಟು, ಜನರನ್ನು ಇಳಿಸಿ ದಾರಿಯಿಂದಾಚೆ ಕಳುಹಿಸಬೇಕು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಗಳಲ್ಲಿ ಕಬ್ಬು ಅರೆಯುವ ಹಂಗಾಮು ಮಾಗಿಯ ಜೊತೆಯಲ್ಲೇ ನಡೆಯುತ್ತದೆ. ರಾತ್ರಿಯೆಲ್ಲ ಸಾಗುವ ಟ್ರ್ಯಾಕ್ಟರುಗಳ ಟ್ರೈಲರುಗಳಿಗೆ ಎಷ್ಟೋ ವೇಳೆ ಹಿಂದಿನ ದೀಪವಿರುವುದಿಲ್ಲ. ಇದ್ದರೂ ಜೋತುಬಿದ್ದ ಕಬ್ಬು ಅದನ್ನು ಮುಚ್ಚಿರುತ್ತದೆ. ರೈತನಿಗೆ ದಂಡ ಹಾಕುವುದರಿಂದ ಇದು ತೀರದು. ಸಕ್ಕರೆ ಕಾರ್ಖಾನೆಯವರೇ ತೂಕದ ಕಟ್ಟೆಯಲ್ಲಿ ಪ್ರತಿಯೊಂದು ಗಾಡಿಯನ್ನೂ ನೋಡಿ, ಬೆಳಕಿಗೆ ಹೊಳೆಯುವ ಕೆಂಪುಪಟ್ಟಿಯನ್ನು ತಮ್ಮ ಖರ್ಚಿನಲ್ಲಿ ಕಟ್ಟಿಸಿ ಕಳುಹಿಸಲಿ. ಒಂದು ಜೀವದ ಬೆಲೆಯ ಮುಂದೆ ಆ ಖರ್ಚು ಏನೇನೂ ಅಲ್ಲ.

ಇನ್ನು ಅಧಿಕಾರಿವರ್ಗದ ಮಾತು. ಅಪಾಯವಾಗುವಂತೆ ವಾಹನವನ್ನು ದಾರಿಯಲ್ಲಿ ನಿಲ್ಲಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 122ನೆಯ ಕಲಮು ವಿಧಿಸುತ್ತದೆ. ಹಾಗೆ ಬಿಟ್ಟುಹೋದುದನ್ನು ಎಳೆಸಿ ತೆಗೆಸಲು 127ನೆಯ ಕಲಮಿನಲ್ಲಿ ಅವಕಾಶವಿದೆ. ಕಾನೂನಿಗೆ ಕೊರತೆಯಿಲ್ಲ; ಬೆಳಗಿನ ನಾಲ್ಕು ಗಂಟೆಗೆ ಅದನ್ನು ನಡೆಸುವ ಕೈಗಳಿಗೆ ಕೊರತೆ. ಮಂಜಿನ ತಿಂಗಳುಗಳಲ್ಲಾದರೂ ಹೆದ್ದಾರಿಯ ಗಸ್ತು ಬೆಳಗಿನ ಜಾವ ದಾರಿಗಿಳಿಯಲಿ, ನಿಂತ ಲಾರಿಗಳನ್ನು ಎಳೆಸಲಿ, ಸುಂಕದ ಕಟ್ಟೆಗಳಲ್ಲಿ ಮುಂದಿನ ಮಂಜಿನ ಸುದ್ದಿಯನ್ನು ಚಾಲಕರಿಗೆ ತಿಳಿಸಲಿ. ಸುಂಕ ತೆಗೆದುಕೊಳ್ಳುವವರಿಗೆ ದಾರಿಯ ಹೊಣೆಯೂ ಉಂಟು.

ತಡವಾಗಿ ಬಂದವನನ್ನು ಮನೆಯವರು ಗದರಿಸಿಯಾರು; ಬಾರದೆ ಹೋದವನಿಗಾಗಿ ಜನ್ಮವಿಡೀ ಅಳುತ್ತಾರೆ. ಚಾಲಕರೂ, ಅವರನ್ನು ಅವಸರಪಡಿಸುವ ಧಣಿಗಳೂ ಇದನ್ನು ನೆನಪಿನಲ್ಲಿಡಬೇಕೆಂದು ನಮ್ಮ ಅರಿಕೆ.