ಮನೆಗೆ ಜನರೇಟರ್: ಕೊಳ್ಳುವ ಮುನ್ನ ತಿದ್ದಿಕೊಳ್ಳಬೇಕಾದ ನಂಬಿಕೆಗಳು

ಮಲೆನಾಡಿನಲ್ಲಿ ಮುಂಗಾರು ಜೋರಾದರೆ ತಂತಿಯ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟು ಇಲ್ಲದಿರುವುದು ಹೊಸತೇನಲ್ಲ. ಇನ್ವರ್ಟರ್ ಬ್ಯಾಟರಿ ಅಷ್ಟು ದಿನ ತಡೆಯುವುದಿಲ್ಲ. ಆಗ ಜನರೇಟರಿನ ಮಾತು ಬರುತ್ತದೆ, ಜೊತೆಗೆ ಕೆಲವು ತಪ್ಪು ತಿಳಿವಳಿಕೆಗಳೂ ಬರುತ್ತವೆ.

ತಪ್ಪು ಕಲ್ಪನೆ: ಎಲ್ಲ ಉಪಕರಣಗಳ ವಾಟ್ ಕೂಡಿಸಿದರೆ ಲೆಕ್ಕ ಮುಗಿಯಿತು.
ಸತ್ಯ: ಜನರೇಟರಿನ ಸಾಮರ್ಥ್ಯ ಹೇಳುವ ಕೆವಿಎ ಎಂದರೆ ಕಿಲೋವಾಟ್ ಅಲ್ಲ. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ಅಂದರೆ ಪವರ್ ಫ್ಯಾಕ್ಟರ್, 0.8 ಇದ್ದರೆ 2 ಕೆವಿಎ ಜನರೇಟರ್ ಕೊಡುವುದು 1,600 ವಾಟ್. ದೀಪ, ಫ್ಯಾನು, ಫ್ರಿಜ್ಜಿಗೆ 500 ವಾಟ್, 1 ಎಚ್‌ಪಿ ಪಂಪಿಗೆ ಸುಮಾರು 1,000 ವಾಟ್ ಎಂದುಕೊಳ್ಳಿ. ಕಾಗದದ ಮೇಲೆ ಸಾಕು. ಆದರೆ ಮೋಟಾರು ಸ್ಟಾರ್ಟ್ ಆಗುವ ಕ್ಷಣದಲ್ಲಿ ಓಡುವಾಗಿನ ಎರಡು ಮೂರು ಪಟ್ಟು ಶಕ್ತಿ ಎಳೆಯುತ್ತದೆ. ಪಂಪಿನ ಸ್ವಿಚ್ ಹಾಕಿದೊಡನೆ ಜನರೇಟರ್ ಟ್ರಿಪ್ ಆಗುತ್ತದೆ. ಇಂಥ ಮನೆಗೆ 5 ಕೆವಿಎ ಬೇಕಾಗುತ್ತದೆ.

ತಪ್ಪು ಕಲ್ಪನೆ: ಹಾಗಾದರೆ ಎಷ್ಟು ದೊಡ್ಡದಾದರೆ ಅಷ್ಟು ಒಳ್ಳೆಯದು.
ಸತ್ಯ: ನಾಲ್ಕು ದೀಪಕ್ಕಾಗಿ ಓಡುವ ದೊಡ್ಡ ಎಂಜಿನ್ ವೃಥಾ ಇಂಧನ ಕುಡಿಯುತ್ತದೆ. ಡೀಸೆಲ್ ಎಂಜಿನ್ ಆದರೆ, ಸರಿಯಾಗಿ ಸುಡದ ಇಂಧನ ಒಳಗೆ ಮಸಿ ಕಟ್ಟುತ್ತದೆ. ಬಾವಿಯ ನೀರು ಕೈಯಲ್ಲಿ ಸೇದಬಲ್ಲಿರಾದರೆ ಪಂಪನ್ನು ಲೆಕ್ಕದಿಂದ ಬಿಡಿ. 2 ಕೆವಿಎಯೇ ಸಾಕಾದೀತು.

ತಪ್ಪು ಕಲ್ಪನೆ: ಮಳೆಗೆ ನೆನೆಯದಂತೆ ಜಗಲಿಯಲ್ಲಿಟ್ಟು ಕಿಟಕಿ ತೆರೆದರೆ ಆಯಿತು.
ಸತ್ಯ: ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟುತ್ತದೆ. ಮಲಗಿದವರು ಏಳದೇ ಹೋಗಬಹುದು. ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿ, ಗೋಡೆಯಿಲ್ಲದ ಮಾಡಿನಡಿ, ಹೊಗೆಕೊಳವೆ ಮನೆಯ ಕಡೆ ತಿರುಗದಂತೆ ಇಡಿ. ತಲೆನೋವು, ತಲೆಸುತ್ತು ಬಂದರೆ ತಕ್ಷಣ ಎಲ್ಲರೂ ಹೊರಗೆ ಬಂದು ವೈದ್ಯರ ನೆರವು ಪಡೆಯಿರಿ.

ತಪ್ಪು ಕಲ್ಪನೆ: ಗೋಡೆಯ ಪ್ಲಗ್ಗಿಗೆ ಜನರೇಟರಿನ ವೈರು ಕೊಟ್ಟರೆ ಮನೆಯೆಲ್ಲ ಬೆಳಗುತ್ತದೆ.
ಸತ್ಯ: ಮೇನ್ ಸ್ವಿಚ್ ಆಫ್ ಮಾಡಲು ಒಮ್ಮೆ ಮರೆತರೆ ಆ ವಿದ್ಯುತ್ ಕಂಬದ ತಂತಿಗೆ ಹರಿಯುತ್ತದೆ. ಊರಿನ ಟ್ರಾನ್ಸ್‌ಫಾರ್ಮರ್ (ಟಿಸಿ) ಅದನ್ನು ಹಿಮ್ಮುಖವಾಗಿ 11,000 ವೋಲ್ಟ್‌ವರೆಗೆ ಏರಿಸಬಲ್ಲದು. ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವ ಹೋಗುತ್ತದೆ. ಇದಕ್ಕೆ ಮದ್ದು ಚೇಂಜ್‌ಓವರ್ ಸ್ವಿಚ್. ಒಮ್ಮೆಗೆ ಒಂದೇ ಕಡೆಯ ವಿದ್ಯುತ್ ಮನೆಗೆ ಸೇರುವಂತೆ ಅದು ನೋಡಿಕೊಳ್ಳುತ್ತದೆ. ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ.

ಜನರೇಟರಿನ ಬೆಲೆ ಕೇಳುವಾಗಲೇ ಈ ಸ್ವಿಚ್ಚಿನ ಖರ್ಚನ್ನೂ ಸೇರಿಸಿ ಕೇಳಿ. ಸುರಿಮಳೆಯಲ್ಲಿ ಕಂಬ ಹತ್ತುವವನು ನಮ್ಮ ಮನೆಗೆ ಬೆಳಕು ತರಲೆಂದೇ ಹತ್ತುತ್ತಾನೆ.